ಜನ ಯಾಕೆ ನಂಬುತ್ತಾರೆ, ನಂಬಿಕೆ ಊರನ್ನು ಏನು ಮಾಡುತ್ತದೆ? ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯವನು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮಕ್ಕಳಿಗೆ ಸಮಾಜಶಾಸ್ತ್ರ ಪಾಠ ಮಾಡಿದ್ದೇನೆ. ಕ್ಲಾಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ದೇವರು ಇದ್ದಾನಾ ಇಲ್ವಾ ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ಜನ ಯಾಕೆ ನಂಬುತ್ತಾರೆ, ನಂಬಿದ್ದರಿಂದ ಮನೆ, ಊರು, ನೆರೆಹೊರೆ ಹೇಗೆ ನಡೆಯುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಓದಿದವರೂ, ವಿಜ್ಞಾನ ಗೊತ್ತಿದ್ದವರೂ ಯಾಕೆ ಹರಕೆ ಹೊರುತ್ತಾರೆ?

ನಮ್ಮ ಅಪ್ಪನ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಮಳೆಗಾಲ ಕಾಲಿಡುತ್ತಿದ್ದ ಹಾಗೆ ಅವರು ಅಡಿಕೆಗೆ ಔಷಧಿ ಹೊಡೆಸುತ್ತಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಡ್ರಮ್ಮಿನಲ್ಲಿ ಸೇರಿಸಿ, ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಿದ್ದರು. ಕಬ್ಬಿಣಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನೊಂದು ಮುಷ್ಟಿ ಸುಣ್ಣ ಹಾಕಿ ಮತ್ತೆ ಕತ್ತಿ ಅದ್ದುತ್ತಿದ್ದರು. ಕತ್ತಿ ಇದ್ದ ಹಾಗೇ ಹೊರಗೆ ಬರುವ ತನಕ ಕೊನೆಗಾರನನ್ನು ಮರ ಹತ್ತಲು ಬಿಡುತ್ತಿರಲಿಲ್ಲ.

ಅದೇ ಬೆಳಿಗ್ಗೆ ತೋಟದ ಮೂಲೆಯ ಭೂತನ ಕಲ್ಲಿಗೆ ಒಂದು ತೆಂಗಿನಕಾಯಿ ಒಡೆಯುತ್ತಿದ್ದರು. ಚಿಕ್ಕವನಿದ್ದಾಗ ಕೇಳಿದ್ದೆ: ಔಷಧಿ ಹೊಡೆಸ್ತೀರಲ್ಲ ಅಪ್ಪ, ಮತ್ತೆ ಕಾಯಿ ಯಾಕೆ? ಅವರು ಹೇಳಿದ್ದು ಇಷ್ಟೇ: "ಔಷಧಿ ನನ್ನ ಕೈಲಿದೆ. ಮಳೆ ನನ್ನ ಕೈಲಿಲ್ಲ ಮಗಾ."

ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಕೊಳೆ ರೋಗ ಶಿಲೀಂಧ್ರದಿಂದ ಬರುತ್ತದೆ, ಬೋರ್ಡೋ ದ್ರಾವಣ ಅದನ್ನು ತಡೆಯುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹದಿನೈದು ದಿನ ಬಿಡದೆ ಮಳೆ ಹೊಯ್ದರೆ ಎಂಥ ಔಷಧಿಯೂ ಗೊನೆಯ ಮೇಲೆ ನಿಲ್ಲುವುದಿಲ್ಲ. ಒಂದು ವರ್ಷದ ಬದುಕು ಆ ಹದಿನೈದು ದಿನದ ಮೇಲೆ ನಿಂತಿರುತ್ತದೆ. ಲೆಕ್ಕ ಎಲ್ಲಿ ಮುಗಿಯುತ್ತದೋ ಅಲ್ಲಿ ಕಾಯಿ ಒಡೆಯುತ್ತಿದ್ದರು.

ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನೇ ಕಂಡ. ಅಲ್ಲಿನವರು ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯಲು ಹೋಗುವಾಗ ಮಂತ್ರ ತಂತ್ರ ಏನೂ ಮಾಡುತ್ತಿರಲಿಲ್ಲ. ಅಲ್ಲಿ ಮೀನು ಸಿಕ್ಕೇ ಸಿಗುತ್ತದೆ, ಜೀವಕ್ಕೂ ಅಪಾಯ ಇಲ್ಲ. ತೆರೆದ ಸಮುದ್ರಕ್ಕೆ ಹೊರಟರೆ ಮಾತ್ರ ಸಾಲು ಸಾಲು ಆಚರಣೆ. ದೋಣಿ ಕಟ್ಟುವ ಕಲೆಯಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ತಿಳಿವಳಿಕೆ ಇಲ್ಲದ್ದಕ್ಕೆ ನಂಬುತ್ತಾರೆ ಅನ್ನುವ ಮಾತು ಅಲ್ಲೂ ನಿಲ್ಲುವುದಿಲ್ಲ, ನಮ್ಮ ತೋಟದಲ್ಲೂ ನಿಲ್ಲುವುದಿಲ್ಲ.

ಹಾಗಾದರೆ ನಂಬಿಕೆ ಅಂದರೆ ಭಯ ಅಷ್ಟೇನಾ?

ಅಲ್ಲ. ಭಯ ಒಂದು ಬೇರು. ಬೇರೆ ಬೇರುಗಳೂ ಇವೆ.

ಒಂದು, ನಮ್ಮ ಮನಸ್ಸಿನ ಅಭ್ಯಾಸ. ಸಂಜೆ ಹೊತ್ತು ಕಾನಿನ ದಾರಿಯಲ್ಲಿ ಒಬ್ಬರೇ ಬರುವಾಗ ಪಕ್ಕದಲ್ಲಿ ಎಲೆ ಸರಕ್ಕೆಂದರೆ ಮೊದಲು "ಯಾರು?" ಅನ್ನುತ್ತೇವೆ. "ಏನು?" ಅನ್ನುವುದು ಆಮೇಲೆ. ಗಾಳಿಯನ್ನು ಹುಲಿ ಅಂದುಕೊಂಡರೆ ನಷ್ಟ ಏನಿಲ್ಲ. ಹುಲಿಯನ್ನು ಗಾಳಿ ಅಂದುಕೊಂಡರೆ ಜೀವ ಹೋಗುತ್ತದೆ. ಹೀಗೆ ಪ್ರತಿಯೊಂದರ ಹಿಂದೆಯೂ ಯಾರೋ ಇದ್ದಾರೆ ಎಂದು ಎಣಿಸುವ ಗುಣ ಮನುಷ್ಯನಿಗೆ ಹುಟ್ಟಿನಿಂದ ಬಂದಿದೆ, ನಂಬಿಕೆಗೆ ಇದೂ ಒಂದು ನೆಲ ಎಂದು ಮನಸ್ಸಿನ ಬಗ್ಗೆ ಅಧ್ಯಯನ ಮಾಡುವ ಹಲವರು ಹೇಳುತ್ತಾರೆ.

ಇನ್ನೊಂದು, ಕೃತಜ್ಞತೆ. ಇದನ್ನು ಪುಸ್ತಕಗಳು ಯಾಕೋ ಕಡಿಮೆ ಹೇಳುತ್ತವೆ. ಆಶ್ವಯುಜದ ಭೂಮಿ ಹುಣ್ಣಿಮೆ ನೋಡಿ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡಿರುತ್ತದೆ. ಅಂದರೆ ಭೂಮಿ ಈಗ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಹಿಂದಿನ ದಿನ ಹೆಂಗಸರು ಬೇಲಿ, ಗುಡ್ಡ ಎಲ್ಲ ತಿರುಗಿ ಹತ್ತಾರು ಬಗೆಯ ಸೊಪ್ಪು ಕುಡಿ ತರುತ್ತಾರೆ. ರಾತ್ರಿಯಿಡೀ ಅಡುಗೆ. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ ಬರೆದಿರುತ್ತಾರೆ. ಬೆಳಕು ಹರಿಯುವ ಮೊದಲು ಆ ಬುಟ್ಟಿಯಲ್ಲಿ ಸೊಪ್ಪು ಬೇಯಿಸಿ ಮಾಡಿದ ಹಚ್ಚಂಬಲಿ ಹೊತ್ತು ಹೋಗಿ, ಭೂಮಿತಾಯಿ ಉಣ್ಣಲಿ ಎಂದು ಕೂಗುತ್ತಾ ಗದ್ದೆಗೆ ಬೀರುತ್ತಾರೆ. ಇಬ್ಬನಿಯಲ್ಲಿ ಕಾಲು ನೆಂದಿರುತ್ತದೆ, ಕೈಯಲ್ಲಿ ದೀಪ ಇರುತ್ತದೆ. ಅಲ್ಲಿ ನಿಂತು ನೋಡಿದ ಯಾರೂ ಇದು ಭಯ ಅನ್ನುವುದಿಲ್ಲ.

ಮಕ್ಕಳಿಗೆ ನಂಬಿಕೆ ಎಲ್ಲಿಂದ ಬರುತ್ತದೆ? ನಾವು ಹೇಳಿಕೊಡುವುದರಿಂದಲಾ?

ಹೇಳಿಕೊಡುವುದಕ್ಕಿಂತ ನೋಡುವುದರಿಂದ. ಅಜ್ಜಿ ಉಪವಾಸ ಇರುವುದನ್ನು, ಅಪ್ಪ ಚಪ್ಪಲಿ ಬಿಟ್ಟು ದೇವರ ಬನದೊಳಗೆ ಹೋಗುವುದನ್ನು ಮಗು ನೋಡುತ್ತದೆ. ದೊಡ್ಡವರು ಮಾತಿನಲ್ಲಿ ಹೇಳಿದ್ದನ್ನು ಮಕ್ಕಳು ಮರೆಯುತ್ತಾರೆ. ಕಷ್ಟಪಟ್ಟು ಮಾಡಿದ್ದನ್ನು ಮರೆಯುವುದಿಲ್ಲ.

ಕಾಯಿಲೆ ಬಂದರೆ ಆಸ್ಪತ್ರೆಗೂ ಹೋಗುತ್ತಾರೆ, ದೇವರ ಹತ್ತಿರ ಹೇಳಿಕೆ ಕೇಳಲೂ ಹೋಗುತ್ತಾರೆ. ಎರಡೂ ಯಾಕೆ?

ಯಾಕೆಂದರೆ ಅವು ಎರಡು ಬೇರೆ ಪ್ರಶ್ನೆಗಳು. ಕಾಯಿಲೆ ಹೇಗೆ ಬಂತು ಅಂತ ಡಾಕ್ಟರ್ ಹೇಳುತ್ತಾರೆ. ನನಗೇ ಯಾಕೆ ಬಂತು, ಈಗಲೇ ಯಾಕೆ ಬಂತು ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ 1937ರಲ್ಲಿ ಬರೆದ ಒಂದು ಉದಾಹರಣೆ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಕಣಜದ ಕೆಳಗೆ ನೆರಳಿಗೆ ಕೂತವರ ಮೇಲೆ ಕಣಜ ಬೀಳುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಅಂತ ಅಲ್ಲಿನವರಿಗೂ ಗೊತ್ತು. ಆದರೆ ಇವರೇ ಕೂತಿದ್ದಾಗ, ಆ ಗಳಿಗೆಯಲ್ಲೇ ಯಾಕೆ ಬಿತ್ತು? ಅವರು ಮಾಟ ಅನ್ನುತ್ತಾರೆ. ನಾವು ಗ್ರಹಚಾರ ಅನ್ನುತ್ತೇವೆ, ಹಣೆಬರಹ ಅನ್ನುತ್ತೇವೆ.

ನಮ್ಮಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಗುರುತಿಸಿದ್ದು. ಉಣುಗು ಕಚ್ಚಿದರೆ ವೈರಸ್ ಬರುತ್ತದೆ. ಇದು ಗೊತ್ತಿದ್ದವರ ಮನೆಯಲ್ಲೂ, ದಿನಾ ಜೊತೆಗೆ ಸೊಪ್ಪಿಗೆ ಹೋಗುತ್ತಿದ್ದ ನಾಲ್ವರಲ್ಲಿ ನಮ್ಮವಳೊಬ್ಬಳಿಗೇ ಯಾಕೆ ಬಂತು ಅನ್ನುವ ಸಂಕಟ ಇರುತ್ತದೆ. ಆ ಸಂಕಟವನ್ನು ಅಜ್ಞಾನ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜ್ವರ ಬಂದರೆ, ಹಾವು ಕಚ್ಚಿದರೆ, ಮೊದಲು ಆಸ್ಪತ್ರೆ. ದೇವರ ಹತ್ತಿರ ನಾಳೆಯೂ ಕೇಳಬಹುದು. ಹಾವಿನ ವಿಷಕ್ಕೆ ನಾಳೆ ಇಲ್ಲ.

ತೋಟಕ್ಕೆ ಸಿಗಂದೂರು ದೇವಿಯ ಬೋರ್ಡ್ ಹಾಕಿದರೆ ಕಳ್ಳತನ ನಿಲ್ಲುತ್ತದಾ?

ಮಲೆನಾಡಿನ ದಾರಿಯಲ್ಲಿ ಬಂದವರಿಗೆಲ್ಲ ಈ ಬೋರ್ಡ್ ಗೊತ್ತು. ಈ ಆಸ್ತಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಅರ್ಥದ ಬರಹ ಬೇಲಿಯ ಮೇಲೆ, ಗೇಟಿನ ಮೇಲೆ, ಕಟ್ಟುತ್ತಿರುವ ಮನೆಯ ಮುಂದೆ ಕಾಣುತ್ತದೆ. ಶರಾವತಿ ಹಿನ್ನೀರಿನ ಆಚೆ ಇರುವ ಈ ದೇವಿಯ ಹತ್ತಿರ ಮೊದಲೆಲ್ಲ ಲಾಂಚಿನಲ್ಲಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಓಡಾಟಕ್ಕೆ ತೆರೆಯಿತು. ಕಳ್ಳತನ ಆದವರು, ಮೋಸ ಹೋದವರು ಅಲ್ಲಿಗೆ ಹೋಗಿ ಹೇಳಿಕೊಳ್ಳುತ್ತಾರೆ.

ನಿಲ್ಲುತ್ತದಾ ಅಂದರೆ, ನಂಬುವ ಕಳ್ಳನ ಕೈ ನಡುಗುತ್ತದೆ. ಸುಮ್ನೆ ಹೇಳುವ ಮಾತಲ್ಲ ಇದು. 2006ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಮೂವರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಅಲ್ಲಿ ಟೀ ಕುಡಿಯುವ ಕೋಣೆಯಲ್ಲಿ ಡಬ್ಬಿಗೆ ಅವರವರೇ ದುಡ್ಡು ಹಾಕಬೇಕು, ನೋಡುವವರು ಯಾರೂ ಇಲ್ಲ. ಬೆಲೆಯ ಚೀಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ಜನರ ಕಣ್ಣಿನ ಚಿತ್ರ ಹಾಕಿದರು. ಕಣ್ಣಿನ ಚಿತ್ರ ಇದ್ದ ವಾರಗಳಲ್ಲಿ ಹೆಚ್ಚು ಕಡಿಮೆ ಮೂರು ಪಟ್ಟು ದುಡ್ಡು ಬಂತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಇಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಮನುಷ್ಯ ಸ್ವಲ್ಪ ಹುಷಾರಾಗುತ್ತಾನೆ ಅನ್ನುವುದು ನಮ್ಮ ಅನುಭವಕ್ಕೂ ಬಂದದ್ದೇ. ಪೊಲೀಸ್ ಸ್ಟೇಷನ್ ಇಪ್ಪತ್ತು ಕಿಲೋಮೀಟರ್ ದೂರ, ಮನೆಯಿಂದ ಮನೆಗೆ ಅರ್ಧ ಮೈಲಿ ಇರುವ ಕಡೆ, ನೋಡುವ ಕಣ್ಣು ಬೇಕಾಗುತ್ತದೆ.

ಆಣೆ ಪ್ರಮಾಣವೂ ಹಾಗೇ. ನಮ್ಮ ಊರಲ್ಲಿ ಅಣ್ಣ ತಮ್ಮಂದಿರ ನಡುವೆ ಒಂದು ಬೇಣದ, ಅಂದರೆ ಹುಲ್ಲುಗಾವಲಿನ, ಗಡಿಗೆ ಜಗಳ ಇತ್ತು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಿತು. ಕೊನೆಗೆ ದೊಡ್ಡವರು ಇಬ್ಬರನ್ನೂ ಊರ ದೇವತೆ ಚೌಡಿಯ ಮುಂದೆ ನಿಲ್ಲಿಸಿ, ಗಡಿ ಎಲ್ಲಿದೆ ಅಂತ ದೀಪ ಮುಟ್ಟಿ ಹೇಳಿ ಅಂದರು. ಕೈ ಚಾಚಿದ ತಮ್ಮ ಹಾಗೇ ಹಿಂದೆ ತೆಗೆದುಕೊಂಡ. "ಮೂರು ಮಾರು ಜಾಗ ಅಣ್ಣನಿಗೆ ಸೇರಬೇಕು" ಅಂದ. ನಾನು ಅಲ್ಲೇ ನಿಂತಿದ್ದೆ. ಅವನ ಕೈ ದೀಪದಿಂದ ಒಂದು ಗೇಣು ದೂರದಲ್ಲಿತ್ತು.

ಆದರೆ ಇದಕ್ಕೊಂದು ಮಿತಿ ಇದೆ. ಇಬ್ಬರೂ ನಂಬಿದರೆ ಮಾತ್ರ ಆಣೆ ಕೆಲಸ ಮಾಡುತ್ತದೆ. ಒಬ್ಬ ನಂಬಿ ಇನ್ನೊಬ್ಬ ನಂಬದೇ ಇದ್ದರೆ, ನಂಬಿದವನೇ ಸೋಲುತ್ತಾನೆ.

ನಂಬುವವರು ನಂಬದವರಿಗಿಂತ ಒಳ್ಳೆಯವರಾ?

ಇಲ್ಲ. ಎರಡೂ ಕಡೆ ಎರಡೂ ಥರದವರನ್ನು ಕಂಡಿದ್ದೇನೆ.

ಜಾತ್ರೆಗೆ ಯಾಕೆ ಅಷ್ಟು ಖರ್ಚು? ಅದೇ ದುಡ್ಡಲ್ಲಿ ಶಾಲೆ ಕಟ್ಟಬಹುದಲ್ವಾ?

ಶಾಲೆ ಕಟ್ಟಬೇಕು. ಆದರೆ ಶಾಲೆ ಕಟ್ಟಲು ಊರು ಒಟ್ಟಾಗಬೇಕಲ್ಲ, ಆ ಊರು ಎಲ್ಲಿ ತಯಾರಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ಶಿರಸಿಯದು, ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂತೆಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೆಂಗಳೂರಿನ ಹುಡುಗರು ರಜೆ ಹಾಕುತ್ತಾರೆ. ಮಾತು ಬಿಟ್ಟವರು ಒಂದೇ ಮನೆಯ ಊಟದಲ್ಲಿ ಎದುರು ಬದುರು ಕೂರಬೇಕಾಗುತ್ತದೆ. ಬಣ್ಣ ಹಚ್ಚುವವರು, ವಾದ್ಯದವರು, ಹಾಡುವವರು, ಕಂಬಳಿ ಹಾಸುವವರು, ಒಬ್ಬೊಬ್ಬರಿಗೂ ಒಂದೊಂದು ಹಕ್ಕಿನ ಕೆಲಸ. ಆ ಕೆಲಸ ಅವರೇ ಮಾಡಬೇಕು, ಬೇರೆಯವರು ಮಾಡುವ ಹಾಗಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್ 1912ರಲ್ಲೇ ಬರೆದಿದ್ದ: ಜನ ಒಟ್ಟಿಗೆ ಸೇರಿ ಕುಣಿದು ಹಾಡಿದಾಗ ತಮಗಿಂತ ದೊಡ್ಡದೊಂದು ಶಕ್ತಿ ಮೈಮೇಲೆ ಬಂದ ಹಾಗೆ ಆಗುತ್ತದೆ, ಆ ಶಕ್ತಿ ಸಮಾಜದ್ದೇ ಎಂದು. ತೇರಿನ ಹಗ್ಗ ಹಿಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಭಕ್ತರ ಮಟ್ಟಿಗೆ ಮಾತ್ರ ಆ ಶಕ್ತಿ ಅಮ್ಮನದೇ, ಅದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಶಿವಮೊಗ್ಗದ ಗುಡ್ಡೇಕಲ್ಲಿನಲ್ಲಿ ಆಡಿಕೃತ್ತಿಕೆಗೆ ಬಂದರೆ ಕಾವಡಿ ಹೊತ್ತ ಸಾವಿರಾರು ಜನ ಹರೋಹರ ಅನ್ನುತ್ತಾ ಗುಡ್ಡ ಹತ್ತುವುದನ್ನು ನೋಡಬಹುದು. ಇದೇ ಕಾವಡಿ ಸೇವೆಯ ಬಗ್ಗೆ ಮಾರಿಷಸ್‌ನಲ್ಲಿ ಒಂದು ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಮೈಗೆ ಸೂಜಿ ಚುಚ್ಚಿಕೊಂಡು ಕಾವಡಿ ಹೊತ್ತವರು, ಅವರ ಜೊತೆ ನಡೆದು ನೋಡಿದವರು, ಬರೀ ಭಜನೆಗೆ ಬಂದವರಿಗಿಂತ ಜಾಸ್ತಿ ದುಡ್ಡನ್ನು ದೇವಸ್ಥಾನಕ್ಕೆ ಗುಟ್ಟಾಗಿ ಕೊಟ್ಟರು. ಒಟ್ಟಿಗೆ ಕಷ್ಟಪಟ್ಟರೆ ಕೈ ಬಿಚ್ಚುತ್ತದೆ. ಹರಕೆ ಸಲೀಸಾಗಿ ಇರಬಾರದು ಅನ್ನುವ ಹಿರಿಯರ ಮಾತಿಗೆ ಇಲ್ಲೊಂದು ಅರ್ಥ ಸಿಗುತ್ತದೆ.

ಸಾಲ ಮಾಡಿ ಜಾತ್ರೆ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೆಂಟರ ಊಟಕ್ಕೆ ಬಡ್ಡಿಗೆ ದುಡ್ಡು ತಂದು, ಎರಡು ವರ್ಷ ತೀರಿಸಿ, ಅಷ್ಟರಲ್ಲಿ ಮುಂದಿನ ಜಾತ್ರೆ ಬಂದವರನ್ನು ಕಂಡಿದ್ದೇನೆ. ಅಮ್ಮ ಅದನ್ನು ಕೇಳಿಲ್ಲ. ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುವ ಹೆದರಿಕೆ ಹಾಗೆ ಮಾಡಿಸುತ್ತದೆ.

ನಂಬಿಕೆ ಜನರನ್ನು ಸೇರಿಸುತ್ತದೋ, ಒಡೆಯುತ್ತದೋ?

ಎರಡನ್ನೂ ಮಾಡುತ್ತದೆ. ಎಷ್ಟೋ ಸಲ ಒಂದೇ ದಿನ, ಒಂದೇ ಜಾಗದಲ್ಲಿ. ಸೇರಿಸುವ ಗೋಡೆಯೇ ಹೊರಗಿನವರನ್ನು ಹೊರಗೆ ಇಡುತ್ತದೆ.

ಸೇರಿಸುವುದಕ್ಕೆ ಹಣಗೆರೆಕಟ್ಟೆಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ನಡುವೆ ದರ್ಗಾ, ಭೂತರಾಯ, ಚೌಡೇಶ್ವರಿ ಒಂದೇ ಕಡೆ ಇವೆ. ಹಿಂದೂಗಳೂ ಮುಸ್ಲಿಮರೂ ಒಂದೇ ಬಾಗಿಲಲ್ಲಿ ಹೋಗಿ ಬರುತ್ತಾರೆ. ಮಗುವಿಗೆ ಹುಷಾರಿಲ್ಲ ಅಂತ ಬಂದ ಇಬ್ಬರು ತಾಯಂದಿರು ಪಕ್ಕ ಪಕ್ಕ ನಿಂತಾಗ, ಯಾರ ಧರ್ಮ ಯಾವುದು ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೂ ಹಿಂದೆ ಹೋಗಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಶೈವರು, ಜೈನರು, ಬೌದ್ಧರು, ವೈಷ್ಣವರು ಎಲ್ಲರ ಗುಡಿ ಮಠಗಳೂ ಅಲ್ಲಿ ಇದ್ದವು. ಅಲ್ಲಿನ ಕೋಡಿಮಠದ ಬಗ್ಗೆ 1162ರ ಒಂದು ಶಾಸನ ಇದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತದ ಸನ್ಯಾಸಿಗಳು, ಎಲ್ಲರಿಗೂ ಅಲ್ಲಿ ಊಟ ಸಿಗುತ್ತಿತ್ತು, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಎಂದು ಅದು ಸಾಲಾಗಿ ಹೇಳುತ್ತದೆ. ಒಂದು ಮಠದ ಹೆಮ್ಮೆಯನ್ನು ಬರೆಯಲು ಕೂತವರು ಊಟ ಸಿಗುವವರ ಪಟ್ಟಿ ಬರೆದರು. ನಾನು ಇಂದಿಗೂ ಯಾವ ಗುಡಿ, ಮಸೀದಿ, ಚರ್ಚಿಗೆ ಹೋದರೂ ಆ ಪಟ್ಟಿ ನೆನಪಾಗುತ್ತದೆ. ಇಲ್ಲಿ ಯಾರಿಗೆ ಎಲೆ ಹಾಕುತ್ತಾರೆ, ಯಾರನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ ಅಂತ ಕಣ್ಣು ಹುಡುಕುತ್ತದೆ. ನಂಬಿಕೆಯನ್ನು ತೂಗಲು ನನ್ನ ಹತ್ತಿರ ಇರುವ ತಕ್ಕಡಿ ಇದೊಂದೇ.

ಇನ್ನು ಒಡೆಯುವುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದು ಹಾಕಿ ಎಷ್ಟು ವರ್ಷವಾಯಿತು. ಆದರೂ ತೋಟಕ್ಕೆ ಕೆಲಸಕ್ಕೆ ಬಂದವರಿಗೆ ಹಿತ್ತಲಲ್ಲಿ ಬೇರೆ ಲೋಟ ಇಟ್ಟ ಮನೆಗಳನ್ನು ನಾನೇ ಕಂಡಿದ್ದೇನೆ. ಆ ಕೆಲಸದವರು ತಮಟೆ ಬಡಿದರೆ ಮಾತ್ರ ಅಮ್ಮನ ಮೆರವಣಿಗೆ ಹೊರಡುತ್ತದೆ. ಅದೇ ಕೈಗೆ ಪ್ರಸಾದ ಮೇಲಿಂದ ಹಾಕುತ್ತಾರೆ. ಇದನ್ನು ಸಂಪ್ರದಾಯ ಅಂದರೆ ನನಗೆ ಸಿಟ್ಟು ಬರುತ್ತದೆ.

ಪೇಟೆಯಲ್ಲಿ ಬೇರೆ ಥರ. ಶಿವಮೊಗ್ಗದಲ್ಲಿ ಗಣಪತಿ ವಿಸರ್ಜನೆ, ಈದ್ ಮಿಲಾದ್ ಬಂದರೆ ಬಂದೋಬಸ್ತಿನ ವ್ಯಾನುಗಳು ಸಾಲಾಗಿ ನಿಲ್ಲುತ್ತವೆ. ಹಬ್ಬದ ದಿನ ಸಣ್ಣ ವ್ಯಾಪಾರಿಯೊಬ್ಬ ಅಂಗಡಿ ತೆಗೆಯಲೋ ಬೇಡವೋ ಅಂತ ಯೋಚನೆ ಮಾಡುವ ಹಾಗಾಗಬಾರದು. ಗಲಾಟೆ ಮಾಡುವವರಲ್ಲಿ ಭಕ್ತಿ ಎಷ್ಟಿರುತ್ತದೆ ಅಂತ ನೋಡಿ. ಆ ಗಣಪತಿಯ ಮುಂದೆ ಬೆಳಿಗ್ಗೆ ಗರಿಕೆ ಇಟ್ಟ ಅಜ್ಜಿ ಅಲ್ಲಿರುವುದಿಲ್ಲ. ಮಿಲಾದಿಗೆ ಪಾಯಸ ಹಂಚಿದ ಅಜ್ಜನೂ ಇರುವುದಿಲ್ಲ.

ದೇವರಕಾಡು, ಚೌಡಿ ಬನ ಉಳಿದಿರುವುದು ನಂಬಿಕೆಯಿಂದಲೇನಾ?

ಬಹುಪಾಲು ಹೌದು. ಬನದಲ್ಲಿ ಒಣಗಿದ ಕೊಂಬೆಯನ್ನೂ ತರುವ ಹಾಗಿಲ್ಲ ಅನ್ನುವ ಕಟ್ಟಳೆ ಎಷ್ಟೋ ಕಡೆ ಇತ್ತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಾರ್ತಕ್ ಎಂಬ ವಿಜ್ಞಾನಿಗಳು ಪಶ್ಚಿಮ ಘಟ್ಟದ ದೇವರಕಾಡುಗಳನ್ನು ಸುತ್ತಿ, ಸುತ್ತಲಿನ ಕಾಡು ಹೋದ ಮೇಲೂ ಅಪರೂಪದ ಗಿಡಮರಗಳು ಇವುಗಳಲ್ಲಿ ಉಳಿದಿವೆ ಎಂದು ಬರೆದರು. ಬನದ ಬುಡದಲ್ಲಿ ಸಾಮಾನ್ಯವಾಗಿ ಒಂದು ನೀರಿನ ಸೆಲೆ ಇರುತ್ತದೆ, ಕೆಳಗಿನ ಗದ್ದೆಗೆ ಅದೇ ಆಧಾರ.

ಈಗಿನ ತೊಂದರೆ ಏನೆಂದರೆ, ಭಕ್ತಿ ಜಾಸ್ತಿಯಾದ ಹಾಗೆ ಬನ ಕಡಿಮೆಯಾಗುತ್ತಿದೆ. ಮರ ಕಡಿದು ಸಿಮೆಂಟಿನ ಗುಡಿ, ಟೈಲ್ಸ್, ತಗಡಿನ ಚಪ್ಪರ. ಮಳೆಯಲ್ಲಿ ನೆನೆಯುತ್ತಾ ಇದ್ದ ಚೌಡಿಗೆ ಮನೆ ಕಟ್ಟಿ ಬೀಗ ಹಾಕುತ್ತಾರೆ. ದಯವಿಟ್ಟು ನಿಮ್ಮ ಊರಲ್ಲಿ ಜೀರ್ಣೋದ್ಧಾರದ ಸಭೆ ನಡೆದರೆ ಮರಗಳ ಪರವಾಗಿ ಒಬ್ಬರಾದರೂ ಮಾತಾಡಿ.

ನಂಬಿಕೆಯಿಂದ ಹೆಣ್ಣುಮಕ್ಕಳಿಗೆ ಏನಾಯಿತು?

ಅಕ್ಕಮಹಾದೇವಿ ನಮ್ಮ ಉಡುತಡಿಯವಳು. ನಂಬಿಕೆ ಅವಳಿಗೆ ಅರಮನೆ ಬಿಟ್ಟು ಹೊರಡುವ ಧೈರ್ಯ ಕೊಟ್ಟಿತು. ಅದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಹೆಸರಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ ಹಲ್ಲೆ ಆಯಿತು. ಅದಾದ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ರೇಣುಕಾಂಬೆ ಇನ್ನೂ ಇದ್ದಾಳೆ, ಜಾತ್ರೆ ಇನ್ನೂ ಆಗುತ್ತದೆ. ಬೆತ್ತಲೆ ಸೇವೆ ಇಲ್ಲದೆಯೂ ದೇವಿ ಉಳಿಯುತ್ತಾಳೆ ಅಂತ ಇದರಿಂದ ಗೊತ್ತಾಯಿತು.

ಮನೆಯೊಳಗಿನದು ಹೇಳುತ್ತೇನೆ. ನನ್ನ ಅಕ್ಕ ಎಸೆಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾಗ ಮುಟ್ಟಾದಳು. ಮೂರು ದಿನ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂತಳು. ಪುಸ್ತಕ ಬೇಕು ಅಂದರೆ ನಾನು ದೂರ ನಿಂತು ಎಸೆಯುತ್ತಿದ್ದೆ. ಒಂದು ಸಲ ಗಣಿತದ ನೋಟ್ಸ್ ಗಂಜಲದ ಚರಂಡಿಗೆ ಬಿತ್ತು. ಅವಳು ಏನೂ ಅನ್ನಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಒದ್ದೆ ಹಾಳೆಯ ಅಕ್ಷರ ಹೊಂದಿಸಿಕೊಂಡು ಓದಿದಳು. ನನಗೆ ಆಗ ಹತ್ತು ವರ್ಷ. ಯಾರೂ ಕೆಟ್ಟವರಿರಲಿಲ್ಲ ಆ ಮನೆಯಲ್ಲಿ. ಆದರೂ ಅದು ತಪ್ಪು. ಅಕ್ಕನ ಮಗಳು ದೊಡ್ಡವಳಾದಾಗ ಅಮ್ಮನೇ "ಒಳಗೇ ಇರಲಿ ಬಿಡಿ" ಅಂದರು. ದೇವರ ಮನೆಯ ದೀಪ ಅವತ್ತೂ ಹಚ್ಚಿದರು.

ನಂಬಿಕೆಗೂ ಮೂಢನಂಬಿಕೆಗೂ ಗೆರೆ ಎಲ್ಲಿ?

ಕಾನೂನಿನ ಗೆರೆ ಹೇಳಬಹುದು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ, ಮೈಗೆ ಕೊಕ್ಕೆ ಹಾಕಿ ತೂಗುವ ಸಿಡಿ, ಕೆನ್ನೆಗೆ ಸರಳು ಚುಚ್ಚುವ ಬಾಯಿಬೀಗ, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸುವುದು, ಮುಟ್ಟಾದವರನ್ನು ಬಲವಂತವಾಗಿ ಹೊರಗಿಡುವುದು ಅದರ ಪಟ್ಟಿಯಲ್ಲಿವೆ. ಪೂಜೆ, ಯಾತ್ರೆ, ಹರಿಕಥೆ, ಜ್ಯೋತಿಷ್ಯಕ್ಕೆ ಅಡ್ಡಿ ಇಲ್ಲ.

ನನ್ನ ಗೆರೆ ಇನ್ನೂ ಸುಲಭ. ನಿಮ್ಮ ನಂಬಿಕೆಯ ಬೆಲೆಯನ್ನು ನೀವೇ ಕೊಡುತ್ತೀರಾ, ಇಲ್ಲ ಬೇರೆಯವರು ಕೊಡುತ್ತಾರಾ? ನೀವು ಉಪವಾಸ ಇದ್ದರೆ ನಿಮ್ಮ ಇಷ್ಟ. ಸೊಸೆಯನ್ನು ಉಪವಾಸ ಕೆಡವಿದರೆ ಅದು ಬೇರೆ.

ನಂಬಿಕೆ ಬದಲಾಗುತ್ತದಾ? ಹಿರಿಯರು ಮಾಡಿದ್ದನ್ನು ಬಿಡಬಾರದು ಅಂತಾರಲ್ಲ.

ಬದಲಾಗುತ್ತಲೇ ಇದೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಹೊತ್ತಿನಲ್ಲಿ ಮಾರಿಕಾಂಬೆಗೆ ಕೋಣ ಬಲಿ ಕೊಡುವುದು ನಿಂತಿತು. ಅಮ್ಮನೇನೂ ಸಿಟ್ಟಾಗಲಿಲ್ಲ, ಜಾತ್ರೆ ದೊಡ್ಡದಾಯಿತು. ನಮ್ಮ ಹಿರಿಯರೂ ಅವರ ಹಿರಿಯರು ಮಾಡಿದ್ದರಲ್ಲಿ ಎಷ್ಟನ್ನೋ ಬಿಟ್ಟಿದ್ದರು.

ನಾನು ದೇವರನ್ನು ನಂಬುವುದಿಲ್ಲ. ಊರಲ್ಲಿ ಹೇಗೆ ಇರಲಿ?

ಧೈರ್ಯವಾಗಿ ಇರಿ. ಸಂವಿಧಾನದ 25ನೇ ವಿಧಿಯ ಮನಸ್ಸಾಕ್ಷಿಯ ಸ್ವಾತಂತ್ರ್ಯ ನಂಬದವರಿಗೂ ಇದೆ. 2011ರ ಜನ ಗಣತಿಯಲ್ಲಿ ದೇಶದಲ್ಲಿ ಸುಮಾರು 29 ಲಕ್ಷ ಜನ ಯಾವ ಧರ್ಮವನ್ನೂ ಹೇಳಿಲ್ಲ. ಅವರೆಲ್ಲ ನಾಸ್ತಿಕರು ಅಂತಲ್ಲ, ಆದರೆ ಯಾವ ಧರ್ಮವೂ ಇಲ್ಲ ಅಂತ ಹೇಳಬಹುದು ಅನ್ನುವುದು ಗೊತ್ತಿರಲಿ.

ಈ ದಾರಿ ಮಲೆನಾಡಿಗೆ ಹೊಸದೂ ಅಲ್ಲ. ಕುಪ್ಪಳಿಯ ಕುವೆಂಪು ಪುರೋಹಿತರಿಲ್ಲದ, ಆಡಂಬರ ಇಲ್ಲದ ಮಂತ್ರ ಮಾಂಗಲ್ಯ ಮದುವೆಯನ್ನು ತಂದರು. ಅವರ ಮಗ ತೇಜಸ್ವಿಯವರ ಮದುವೆ 1966ರಲ್ಲಿ ಹಾಗೇ ಆಯಿತು. ಈಗಲೂ ಎಷ್ಟೋ ಜೋಡಿಗಳು ಹಾಗೆ ಮದುವೆಯಾಗುತ್ತಾರೆ. ಕುವೆಂಪು ದೇವರನ್ನೇ ಬೇಡ ಅಂದವರಲ್ಲ ಅನ್ನುವುದನ್ನೂ ನೆನಪಿಡಿ. ಅವರಿಗೆ ಬೇಡವಾಗಿದ್ದು ನಡುವೆ ನಿಂತವರು.

ಒಂದು ಸಲಹೆ. ಪೂಜೆಗೆ ಕೂರಬೇಡಿ, ಆದರೆ ಬಡಿಸಲು ಹೋಗಿ. ದೀಪಾವಳಿ ರಾತ್ರಿ ಅಂಟಿಕೆ ಪಂಟಿಕೆಯವರು ಜ್ಯೋತಿ ಹಿಡಿದು ಹಾಡುತ್ತಾ ಮನೆ ಬಾಗಿಲಿಗೆ ಬಂದರೆ ಎಣ್ಣೆ ಹಾಕಿ. ಆ ದೀಪ ಮೂರು ರಾತ್ರಿ ಊರಿಂದ ಊರಿಗೆ ಆರದ ಹಾಗೆ ಹೋಗಬೇಕು. ಎಣ್ಣೆ ಹಾಕುವವರ ನಂಬಿಕೆ ಏನು ಅಂತ ಹಾಡುವವರು ಕೇಳುವುದಿಲ್ಲ.

ಗಂಡ ನಂಬುವುದಿಲ್ಲ, ಹೆಂಡತಿ ನಂಬುತ್ತಾಳೆ. ಅಥವಾ ಇಬ್ಬರದೂ ಬೇರೆ ಬೇರೆ ಧರ್ಮ. ಹೇಗೆ?

ಮದುವೆಗೆ ಮೊದಲೇ ಮಾತಾಡಿಕೊಳ್ಳಿ: ಮಗುವಿಗೆ ಯಾವ ಹೆಸರು, ಸತ್ತರೆ ಯಾವ ಕ್ರಮ. ಜಗಳ ಸಾಮಾನ್ಯವಾಗಿ ಬರುವುದು ಈ ಎರಡು ಜಾಗದಲ್ಲಿ. ಬೇರೆ ಧರ್ಮದವರು ಧರ್ಮ ಬದಲಿಸದೇ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನ ಮೊದಲು ನೋಟಿಸ್ ಕೊಡಬೇಕು. ಉಳಿದದ್ದು ಮನೆಯವರ ಮನಸ್ಸು. ಅದಕ್ಕೆ ಕಾಯ್ದೆ ಇಲ್ಲ, ಕಾಯಬೇಕು.

ಊರೇ ಮುಳುಗಿದರೆ ಆ ಊರಿನ ದೇವರು ಏನಾಗುತ್ತಾನೆ?

ಇದನ್ನು ಕೇಳಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಶರಾವತಿ ಮುಳುಗಡೆಯ ಪಾಠ ನಡೆಯುತ್ತಿತ್ತು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೂರಾರು ಹಳ್ಳಿಯ ಜನ ಎದ್ದು ಹೊರಟರು. ನನ್ನ ಅಮ್ಮನ ತವರೂ ಅದರಲ್ಲಿ ಹೋಯಿತು. ಅಜ್ಜಿ ಹೇಳುತ್ತಿದ್ದರು: ಲಾರಿಯಲ್ಲಿ ಮೊದಲು ಹತ್ತಿಸಿದ್ದು ಭತ್ತದ ಚೀಲ, ಆಮೇಲೆ ಒರಳು, ಆಮೇಲೆ ದನದ ಕರುಗಳು. ಕೊನೆಗೆ ಅಜ್ಜ ಬನಕ್ಕೆ ಹೋಗಿ ಚೌಡಿಯ ಕಲ್ಲನ್ನು ಅಗೆದು ತಂದರು. ಕಂಬಳಿಯಲ್ಲಿ ಸುತ್ತಿ, ನೆಲಕ್ಕೆ ಇಡದೆ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಮಣ್ಣು ಇನ್ನೂ ಹಸಿ ಇತ್ತಂತೆ, ಪಂಚೆಗೆಲ್ಲ ಹತ್ತಿತ್ತಂತೆ.

ಹೊಸ ಜಾಗದಲ್ಲಿ ಯಾರ ಪರಿಚಯವೂ ಇಲ್ಲ. ಬೇರೆ ಬೇರೆ ಊರಿಂದ ಬಂದ ಏಳೆಂಟು ಮನೆಗಳು, ಏಳೆಂಟು ಕಲ್ಲುಗಳು. ಒಂದೇ ಮರದ ಬುಡದಲ್ಲಿ ಎಲ್ಲವನ್ನೂ ಇಡೋಣ ಅಂತ ಆಯಿತು. ವರ್ಷಕ್ಕೊಮ್ಮೆ ಎಲ್ಲ ಮನೆಯವರೂ ಸೇರಿ ಪೂಜೆ ಮಾಡಿ ಒಟ್ಟಿಗೆ ಊಟ ಮಾಡತೊಡಗಿದರು. ಅದು ಊರಾಗಿದ್ದು ಹಾಗೆ.

ಕಲ್ಲುಗಳ ಮುಖ ಯಾವ ಕಡೆ ಇರಬೇಕು ಅಂತ ಮಾತ್ರ ದೊಡ್ಡ ಚರ್ಚೆ ನಡೆಯಿತಂತೆ. ಶಾಸ್ತ್ರ ಗೊತ್ತಿದ್ದವರೊಬ್ಬರು ಪೂರ್ವಕ್ಕೆ ಇಡಿ ಅಂದರು. ಅಜ್ಜ ಒಪ್ಪಲಿಲ್ಲ. ಹೊಳೆ ಇರುವ ಕಡೆಗೆ ಇಡಿ, ಅವಳಿಗೆ ತನ್ನ ಜಾಗ ಕಾಣಬೇಕು ಅಂದರು. ಈಗಲೂ ಆ ಏಳೆಂಟು ಕಲ್ಲುಗಳು ಹಿನ್ನೀರಿನ ಕಡೆಗೇ ಮುಖ ಮಾಡಿ ಕೂತಿವೆ.